ಗರ್ಭಕೋಶ ತೆಗೆಸಿದರೆ ಮುಟ್ಟು ನಿಲ್ಲುವ ಕಾಟ ತಪ್ಪುತ್ತದಾ?

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಎರಡು ಮಕ್ಕಳು, ಆಪರೇಷನ್ ಆಗಿದೆ. ಒಂದು ವರ್ಷದಿಂದ ಮುಟ್ಟು ಏರುಪೇರು. ಎರಡು ತಿಂಗಳು ಬರೋದೇ ಇಲ್ಲ, ಬಂದರೆ ಹತ್ತು ದಿನ ಹೋಗುತ್ತೆ. ರಾತ್ರಿ ಮೈಯೆಲ್ಲ ಬಿಸಿಯಾಗಿ, ಬೆವರಿ ಎಚ್ಚರ ಆಗುತ್ತೆ. ನಮ್ಮ ಅತ್ತಿಗೆ, "ಮಕ್ಕಳಾದ ಮೇಲೆ ಗರ್ಭಕೋಶ ಇಟ್ಕೊಂಡು ಏನ್ ಮಾಡ್ತೀಯ, ತೆಗೆಸಿಬಿಡು, ಮುಟ್ಟು ನಿಲ್ಲೋ ಕಾಟಾನೇ ಇರಲ್ಲ" ಅಂತಾರೆ. ಅವರೂ ತೆಗೆಸಿದ್ದಾರೆ. ನಾನೂ ತೆಗೆಸಲಾ? (ಮೂಡಿಗೆರೆ ಕಡೆಯ ಓದುಗರು)

ಉತ್ತರ: ಬೇಡ. ಈ ಕಾರಣಕ್ಕಂತೂ ಖಂಡಿತ ಬೇಡ.

ಈ ಪ್ರಶ್ನೆಯನ್ನು ಹಾಸನದಲ್ಲಿ ನನ್ನೆದುರು ಕೂತವರು ಕೇಳುತ್ತಾರೆ. ಬೇಲೂರು, ಅರಸೀಕೆರೆ, ಸಕಲೇಶಪುರದಿಂದ ಫೋನ್ ಮಾಡಿ ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲೂ ಪಕ್ಕದ ಎಲೆಯವರು ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಆದರೂ ಕೊನೆಗೆ ಅತ್ತಿಗೆಯ ಮಾತೇ ಗೆಲ್ಲುತ್ತದೆ. ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ. ಓದಿ, ಅತ್ತಿಗೆಗೂ ಓದಿಸಿ.

ನಿಮಗೆ ಆಗುತ್ತಿರುವ ತೊಂದರೆಗೆಲ್ಲ ಮುಖ್ಯ ಕಾರಣ ಈಸ್ಟ್ರೋಜನ್ ಎಂಬ ಹಾರ್ಮೋನಿನ ಏರಿಳಿತ ಇರಬಹುದು. ಈ ಹಾರ್ಮೋನನ್ನು ಗರ್ಭಕೋಶ ತಯಾರಿಸುವುದಿಲ್ಲ. ಅದರ ಎರಡೂ ಪಕ್ಕದಲ್ಲಿ ಬಾದಾಮಿ ಗಾತ್ರದ ಎರಡು ಅಂಡಾಶಯಗಳಿವೆ, ತಯಾರಿಸುವುದು ಅವು. ಗರ್ಭಕೋಶ ಬರೀ ಅವುಗಳ ಮಾತು ಕೇಳುತ್ತದೆ. ಈಸ್ಟ್ರೋಜನ್ ಬಂದಾಗ ಒಳಪದರ ದಪ್ಪಗಾಗುತ್ತದೆ. ಅಂಡ ಹೊರಬಿದ್ದ ಮೇಲೆ ಅದೇ ಅಂಡಾಶಯದಿಂದ ಪ್ರೊಜೆಸ್ಟರಾನ್ ಬಂದು ಆ ಪದರವನ್ನು ಹದಕ್ಕೆ ತರುತ್ತದೆ. ಎರಡೂ ಇಳಿದಾಗ ಮುಟ್ಟು. ನಲವತ್ತು ದಾಟಿದ ಮೇಲೆ ಅಂಡಗಳು ಮುಗಿಯುತ್ತಾ ಬರುತ್ತವೆ. ಕೆಲವು ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ, ಹಾಗಾಗಿ ಪ್ರೊಜೆಸ್ಟರಾನ್ ಇಲ್ಲ. ಒಳಪದರ ಸುಮ್ನೆ ಬೆಳೆಯುತ್ತಾ ಹೋಗಿ, ಒಂದು ದಿನ ಕಳಚಲು ಶುರುವಾದರೆ ಹತ್ತು ದಿನ ನಿಲ್ಲುವುದಿಲ್ಲ.

ರಾತ್ರಿಯ ಬಿಸಿ ಬರುವುದು ತಲೆಯಿಂದ. ಮೈಯ ಬಿಸಿಯನ್ನು ಹದದಲ್ಲಿಡುವ ಜಾಗ ಮೆದುಳಿನಲ್ಲಿದೆ. ಈಸ್ಟ್ರೋಜನ್ ಇಳಿದಾಗ ಅದು ಸಣ್ಣ ಬದಲಾವಣೆಗೂ ಬೆಚ್ಚಿಬಿದ್ದು, ಮೈ ಕಾದಿದೆ ಎಂದುಕೊಂಡು ಬೆವರಿಸುತ್ತದೆ. ನಮ್ಮ ಕಡೆ ಇದಕ್ಕೆ "ಉಷ್ಣ ಆಗಿದೆ" ಅಂತ ಎಳನೀರು, ಜೀರಿಗೆ ನೀರು ಕೊಡುತ್ತಾರೆ. ಕುಡಿಯಿರಿ, ಏನೂ ಆಗುವುದಿಲ್ಲ. ಆದರೆ ಇದು ಹೊಟ್ಟೆಯ ಉಷ್ಣ ಅಲ್ಲ.

ಈಗ ಯೋಚನೆ ಮಾಡಿ. ಗರ್ಭಕೋಶ ಮಾತ್ರ ತೆಗೆದರೆ ಏನಾಗುತ್ತದೆ? ರಕ್ತ ಹೋಗುವುದು ನಿಲ್ಲುತ್ತದೆ, ಅಷ್ಟೇ. ತೋಟ ಮಾರಿದ ಮಾತ್ರಕ್ಕೆ ಬಾವಿಯ ನೀರು ಬತ್ತುವುದನ್ನು ತಡೆಯಲು ಆಗುತ್ತಾ? ಅಂಡಾಶಯಗಳು ತಮ್ಮ ಪಾಡಿಗೆ ವಯಸ್ಸಾಗುತ್ತವೆ. ಬಿಸಿ, ಬೆವರು, ನಿದ್ದೆಗೇಡು ಎಲ್ಲ ಬಂದೇ ಬರುತ್ತವೆ. ಗರ್ಭಕೋಶ ತೆಗೆಸಿದ ಹಲವರಲ್ಲಿ, ತೆಗೆಸದವರಿಗಿಂತ ಸ್ವಲ್ಪ ಬೇಗನೇ ಅಂಡಾಶಯಗಳು ಕೆಲಸ ನಿಲ್ಲಿಸುತ್ತವೆ. ಮುಟ್ಟಿನ ಲೆಕ್ಕ ಇಲ್ಲದ ಕಾರಣ ಅದು ಗೊತ್ತೂ ಆಗುವುದಿಲ್ಲ.

"ಹಾಗಾದರೆ ಜೊತೆಗೆ ಅಂಡಾಶಯವನ್ನೂ ತೆಗೆದುಬಿಡಿ" ಅನ್ನುವವರಿದ್ದಾರೆ. ಇದು ಇನ್ನೂ ದೊಡ್ಡ ತಪ್ಪು. ಸಹಜವಾಗಿ ವರ್ಷಗಟ್ಟಲೆ ನಿಧಾನಕ್ಕೆ ಆಗುವ ಬದಲಾವಣೆ ಆಪರೇಷನ್ ಟೇಬಲ್ಲಿನ ಮೇಲೆ ಒಂದೇ ದಿನದಲ್ಲಿ ಆಗಿಬಿಡುತ್ತದೆ. ಬಿಸಿಯ ಕಾಟ ಹೆಚ್ಚು ಜೋರಾಗಿ ಬರುತ್ತದೆ. ಮೂಳೆ ಸವೆತ ಬೇಗ ಶುರುವಾಗುತ್ತದೆ. 45ಕ್ಕೆ ಮೊದಲೇ ಎರಡೂ ಅಂಡಾಶಯ ಹೋದವರಲ್ಲಿ ಹೃದಯದ ಕಾಯಿಲೆಯ ಅಪಾಯ ಜಾಸ್ತಿ. ಅದಕ್ಕೇ ಇಂಥವರಿಗೆ, ಸ್ತನ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ, ಐವತ್ತರ ಆಸುಪಾಸಿನವರೆಗೆ ಈಸ್ಟ್ರೋಜನ್ ಔಷಧಿ ಕೊಡಬೇಕು. ಎಷ್ಟೋ ಜನರಿಗೆ ಇದನ್ನು ಯಾರೂ ಹೇಳಿಯೇ ಇರುವುದಿಲ್ಲ.

ನಿಮ್ಮ ಅತ್ತಿಗೆಯ ಡಿಸ್ಚಾರ್ಜ್ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲೋ ಇರುತ್ತದೆ. ತೆಗೆದು ನೋಡಿ. ಆಪರೇಷನ್ ಹೆಸರಿನ ಮುಂದೆ "ಬಿಎಸ್‌ಒ" ಅಂತ ಮೂರು ಅಕ್ಷರ ಇದ್ದರೆ ಎರಡೂ ಅಂಡಾಶಯ ತೆಗೆದಿದ್ದಾರೆ ಎಂದರ್ಥ. "ಗರ್ಭಕೋಶ ಮಾತ್ರ ತೆಗೆಸಿದ್ದು ಮೇಡಂ" ಅಂತ ಗಟ್ಟಿಯಾಗಿ ಹೇಳಿದವರ ಕಾರ್ಡಿನಲ್ಲೂ ಆ ಮೂರು ಅಕ್ಷರ ನೋಡಿದ್ದೇನೆ. ನನಗೆ ನಿಜವಾಗಿ ಸಿಟ್ಟು ಬರುವುದು ಆಗ. ತನ್ನ ಮೈಯಿಂದ ಏನು ತೆಗೆದರು ಅಂತ ಹೆಂಗಸಿಗೇ ಗೊತ್ತಿಲ್ಲ ಅಂದರೆ ಹೇಗೆ?

ಇನ್ನು ಹೆದರಿಸುವ ಮಾತುಗಳು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ "ಬಲ್ಕಿ ಯೂಟರಸ್" ಅಂತ ಬರೆದಿದ್ದರೆ ಗರ್ಭಕೋಶ ಸ್ವಲ್ಪ ದಪ್ಪ ಇದೆ ಎಂದಷ್ಟೇ ಅರ್ಥ. ಮಕ್ಕಳನ್ನು ಹೆತ್ತವರಲ್ಲಿ ಅದು ಸಾಮಾನ್ಯ. ಬಿಳಿ ಹೋಗುವುದಕ್ಕೆ ಸೋಂಕು ಕಾರಣವಾಗಿದ್ದರೆ ಮಾತ್ರೆ ಸಾಕು. "ಬಿಟ್ಟರೆ ಕ್ಯಾನ್ಸರ್ ಆಗುತ್ತೆ" ಅಂದರೆ, ಯಾವ ಪರೀಕ್ಷೆಯಲ್ಲಿ ಕಂಡಿತು ಅಂತ ಕೇಳಿ. ಗರ್ಭಕೊರಳಿನ ಕ್ಯಾನ್ಸರಿಗೆ ಪ್ಯಾಪ್ ಸ್ಮಿಯರ್, ಎಚ್‌ಪಿವಿ ಪರೀಕ್ಷೆಗಳಿವೆ. ಪರೀಕ್ಷೆಯನ್ನೇ ಮಾಡದೆ ಕತ್ತರಿ ಹಿಡಿಯುವುದು ಚಿಕಿತ್ಸೆ ಅಲ್ಲ. ಬೇಡದ ಗರ್ಭಕೋಶ ಆಪರೇಷನ್‌ಗಳ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2023ರಲ್ಲಿ ಕೋರ್ಟು ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಎಂದು ಹೇಳಿದೆ.

ತೆಗೆಸಲೇಬೇಕಾದ ಸಂದರ್ಭ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕ್ಯಾನ್ಸರ್, ತೀರಾ ತೊಂದರೆ ಕೊಡುವ ಗಡ್ಡೆಗಳು, ಪೂರ್ತಿ ಜಾರಿದ ಗರ್ಭಕೋಶ, ಯಾವ ಔಷಧಿಗೂ ಬಗ್ಗದ ಬ್ಲೀಡಿಂಗ್ ಇದ್ದಾಗ ಆಪರೇಷನ್ ಜೀವನವನ್ನೇ ಹಗುರ ಮಾಡುತ್ತದೆ. ಅದು ಕೊನೆಯ ಮೆಟ್ಟಿಲು. ನೀವು ಇನ್ನೂ ಮೊದಲನೆಯದನ್ನೂ ಹತ್ತಿಲ್ಲ.

ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಒಂದು ಸ್ಕ್ಯಾನಿಂಗ್ ಮಾಡಿಸಿ. ಒಳಪದರ ದಪ್ಪ ಇದ್ದರೆ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಬ್ಲೀಡಿಂಗ್ ಕಡಿಮೆ ಮಾಡಲು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಗರ್ಭಕೋಶದ ಒಳಗೇ ಕೂತು ಪ್ರೊಜೆಸ್ಟರಾನ್ ತರಹದ ಹಾರ್ಮೋನ್ ಬಿಡುವ, ಕಾಪರ್-ಟಿ ತರಹದ ಆದರೆ ಕಾಪರ್ ಇಲ್ಲದ ವಂಕಿ ಇದೆ, ಅದು ಐದು ವರ್ಷಕ್ಕೂ ಹೆಚ್ಚು ಕೆಲಸ ಮಾಡುತ್ತದೆ. ಬಿಸಿಯ ಕಾಟ ತಡೆಯಲಾಗದಿದ್ದರೆ ಈಸ್ಟ್ರೋಜನ್ ಚಿಕಿತ್ಸೆಯೂ ಇದೆ. ಗರ್ಭಕೋಶ ಇರುವವರಿಗೆ ಜೊತೆಯಲ್ಲಿ ಪ್ರೊಜೆಸ್ಟರಾನ್ ಕೊಡಲೇಬೇಕು. 2002ರಲ್ಲಿ ಈ ಚಿಕಿತ್ಸೆಯ ಬಗ್ಗೆ ಅಮೆರಿಕದಲ್ಲಿ ನಡೆಯುತ್ತಿದ್ದ ಒಂದು ದೊಡ್ಡ ಅಧ್ಯಯನ ಅರ್ಧಕ್ಕೇ ನಿಂತಾಗ "ಹಾರ್ಮೋನ್ ಅಂದರೆ ಸ್ತನ ಕ್ಯಾನ್ಸರ್" ಎಂಬ ಭಯ ಹುಟ್ಟಿತು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಎರಡೂ ಹಾರ್ಮೋನ್ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಜನರಿಗೆ 8 ಕ್ಯಾನ್ಸರ್ ಹೆಚ್ಚು ಕಂಡಿತ್ತು. 60ರೊಳಗಿನ, ಬೇರೆ ಅಡ್ಡಿ ಇಲ್ಲದ ಹೆಂಗಸರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು. ನಿಮಗೆ ಸರಿಹೊಂದುತ್ತದೋ ಇಲ್ಲವೋ ಎಂದು ನಿಮ್ಮನ್ನು ನೋಡಿದ ಡಾಕ್ಟರೇ ಹೇಳಬೇಕು.

ಒಂದು ಎಚ್ಚರಿಕೆ. ಮುಟ್ಟು ಪೂರ್ತಿ ನಿಂತು ಒಂದು ವರ್ಷ ಆದ ಮೇಲೆ ಒಂದು ಹನಿ ರಕ್ತ ಕಂಡರೂ ತಡ ಮಾಡದೆ ತೋರಿಸಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗಂಡಸರಿಗೂ ಈಸ್ಟ್ರೋಜನ್ ಬೇಕು! ಮುಟ್ಟು ನಿಂತ ಹೆಂಡತಿಗಿಂತ ಅರವತ್ತು ದಾಟಿದ ಗಂಡನ ರಕ್ತದಲ್ಲೇ ಅದು ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. 1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಒಬ್ಬ ಯುವಕನ ಬಗ್ಗೆ ವರದಿ ಮಾಡಿದರು. ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದ. ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇತ್ತು. ಆದರೆ ಅವನ ಮೈ ಈಸ್ಟ್ರೋಜನ್ನಿಗೆ ಸ್ಪಂದಿಸುತ್ತಿರಲಿಲ್ಲ. ಆ ವಯಸ್ಸಿಗೇ ಮೂಳೆ ಸವೆದಿತ್ತು. ಮೂಳೆಗೆ ಈ ಹಾರ್ಮೋನ್ ಎಷ್ಟು ಮುಖ್ಯ ಎಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಅವನೂ ಒಬ್ಬ.

ಮೂಳೆಯ ಮಾತು ಬಂದಿದ್ದರಿಂದ ಊಟದ ಮಾತೂ ಹೇಳಬೇಕು. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೇ ಅಕ್ಕಿಯಲ್ಲಿ ಹತ್ತೂ ಇಲ್ಲ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಮುದ್ದೆ ಉಣ್ಣುವವರಿಗೆ ಇದು ದಕ್ಕುತ್ತದೆ. ನಿಮ್ಮ ಮಲೆನಾಡಿನಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡುಬು. ಒಂದು ಹೊತ್ತಾದರೂ ರಾಗಿ ರೊಟ್ಟಿ ಮಾಡಿ, ಜೊತೆಗೆ ಮೊಸರು, ಮಜ್ಜಿಗೆ ಇರಲಿ. ಮಳೆಗಾಲದಲ್ಲಿ ನಿಮ್ಮ ಕಡೆ ತಿಂಗಳುಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ ಅಲ್ವಾ? ರಕ್ತ ಪರೀಕ್ಷೆಗೆ ಹೋದಾಗ ವಿಟಮಿನ್ ಡಿ ಕೂಡ ನೋಡಿಸಿ.