ಐಸ್ ಹಾಕಿದೊಡನೆ ಫಿಲ್ಟರ್ ಕಾಫಿ ನೀರಾಗುವುದೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಫಿಲ್ಟರ್ ಕಾಫಿ ಚೆನ್ನಾಗಿಯೇ ಆಗುತ್ತದೆ. ಆದರೆ ಅದೇ ಕಾಫಿಗೆ ಐಸ್ ಹಾಕಿದರೆ ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ನೀರು ನೀರಾಗಿ, ಸಿಹಿಯೂ ಹೋಗಿ, ಬರೀ ಕಹಿ ಉಳಿಯುತ್ತದೆ. ಮುಂಬಯಿಯ ಸೆಖೆಯಲ್ಲಿ ಮಧ್ಯಾಹ್ನದ ಹೊತ್ತು ಬಿಸಿ ಕಾಫಿ ಬೇಡವೆನಿಸುತ್ತದೆ, ಕಾಫಿ ಬಿಡಲೂ ಮನಸ್ಸಾಗುವುದಿಲ್ಲ. ಒಳ್ಳೆಯ ಐಸ್ ಕಾಫಿ ಮನೆಯಲ್ಲೇ ಮಾಡಿಕೊಳ್ಳಲು ಬೇರೆ ಯಂತ್ರ ಬೇಕೇ? ಬೇರೆ ಪುಡಿ ಬೇಕೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಯಂತ್ರ ಬೇಡ. ಮನೆಯಲ್ಲಿರುವ ಸ್ಟೀಲಿನ ಫಿಲ್ಟರೇ ಸಾಕು. ಪುಡಿಯ ವಿಚಾರವನ್ನು ಆಮೇಲೆ ನೋಡೋಣ. ಹೋಳಿ ಕಳೆದು ಬಿಸಿಲು ಏರತೊಡಗಿದೊಡನೆ ಮುಲುಂಡ್, ಘಾಟ್ಕೋಪರ್, ಮೀರಾ ರೋಡಿನ ಕನ್ನಡಿಗರ ಮನೆಗಳಿಂದಲೂ ಇದೇ ಪ್ರಶ್ನೆ ಕೇಳಿಬರುತ್ತದೆ. ಬಹುತೇಕ ಎಲ್ಲರ ಮನಸ್ಸಿನಲ್ಲಿರುವುದು, ಎಂದಿನಂತೆ ಮಾಡಿದ ಬಿಸಿ ಕಾಫಿಗೆ ಐಸ್ ಸೇರಿಸಿದರೆ ಅದು ಐಸ್ ಕಾಫಿಯಾಗುತ್ತದೆ ಎಂಬ ಎಣಿಕೆ. ಐಸ್ ಎಂಬುದು ಇನ್ನೂ ಲೋಟಕ್ಕೆ ಸುರಿಯದ ನೀರು ಎಂದು ತಿಳಿದು, ಆ ನೀರನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಡಿಕಾಕ್ಷನ್ ಹಾಕಿದರೆ ಅರ್ಧಕ್ಕಿಂತ ಹೆಚ್ಚಿನ ತೊಂದರೆ ಅಲ್ಲಿಗೇ ಬಗೆಹರಿಯುತ್ತದೆ.

ಮೊದಲು ಆ ಲೆಕ್ಕವನ್ನೇ ನೋಡೋಣ, ಅದು ಶಾಲೆಯಲ್ಲಿ ಕಲಿತ ಭೌತವಿಜ್ಞಾನಕ್ಕಿಂತ ಹೆಚ್ಚಿನದೇನಲ್ಲ. ಒಂದು ಗ್ರಾಂ ನೀರು ಒಂದು ಡಿಗ್ರಿ ತಣಿಯುವಾಗ ಒಂದು ಕ್ಯಾಲೊರಿ ಶಾಖ ಬಿಟ್ಟುಕೊಡುತ್ತದೆ, ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಬೇಕು, ಫ್ರೀಜರಿನ ಚಳಿ ಕಳೆದುಕೊಳ್ಳಲು ಮತ್ತು ಕರಗಿದ ನೀರು ಕಾಫಿಯಷ್ಟೇ ಉಷ್ಣತೆಗೆ ಬರಲು ಇನ್ನೂ ತುಸು. ಒಬ್ಬರ ಪಾಲಿನ ಕಾಫಿ ಎಂದರೆ 45 ಮಿಲಿಲೀಟರ್ ಡಿಕಾಕ್ಷನ್, 90 ಮಿಲಿಲೀಟರ್ ಹಾಲು ಎಂದಿಟ್ಟುಕೊಳ್ಳೋಣ. ಹಾಲು ಕುದಿಸಿ ಬೆರೆಸಿದ ಆ ಕಾಫಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವಾಗಲೇ ಐಸ್ ಹಾಕಿದರೆ, ಅದು 5 ಡಿಗ್ರಿಗೆ ಇಳಿಯುವಷ್ಟರಲ್ಲಿ ಸುಮಾರು 110 ಗ್ರಾಂ ಐಸ್ ಕರಗಿರುತ್ತದೆ. ಅಂದರೆ 135 ಮಿಲಿಲೀಟರ್ ಕಾಫಿಗೆ ಅರ್ಧ ಲೋಟಕ್ಕೂ ಮಿಕ್ಕಿ ನೀರನ್ನು ಕೈಯಾರೆ ಸುರಿದಂತಾಯಿತು. ಹೀಗೆ ನೀರು ಬೆರೆಸಿದ ಬಿಸಿ ಕಾಫಿಯನ್ನು ಮನೆಗೆ ಬಂದವರಿಗೆ ಕೊಡಲು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ, ಐಸಿನ ರೂಪದಲ್ಲಿ ಮಾತ್ರ ತಿಳಿಯದೆ ಒಪ್ಪಿಬಿಡುತ್ತೇವೆ.

ಅದೇ ಡಿಕಾಕ್ಷನ್ನನ್ನು ಕೋಣೆಯ ಉಷ್ಣತೆಗೆ, ಅಂದರೆ ಮುಂಬಯಿಯ ಏಪ್ರಿಲ್ ತಿಂಗಳಲ್ಲಿ 30 ಡಿಗ್ರಿಯ ಸುತ್ತಮುತ್ತ ಬರುವವರೆಗೆ ಆರಲು ಬಿಟ್ಟು, ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಾಲಿನೊಂದಿಗೆ ಬೆರೆಸಿದರೆ, ಮಿಶ್ರಣವು ಐಸ್ ಬೀಳುವ ಮೊದಲೇ 13 ಡಿಗ್ರಿಯಷ್ಟಾಗಿರುತ್ತದೆ. ಅಲ್ಲಿಂದ 5 ಡಿಗ್ರಿಗೆ ಇಳಿಸಲು ಕರಗಬೇಕಾದ ಐಸ್ ಸುಮಾರು 12 ಗ್ರಾಂ ಮಾತ್ರ. ನೂರಹತ್ತೆಲ್ಲಿ, ಹನ್ನೆರಡೆಲ್ಲಿ! ಡಿಕಾಕ್ಷನ್ ಆರುವವರೆಗೆ ಕಾಯಲು ವ್ಯವಧಾನವಿಲ್ಲದಿದ್ದರೆ ಫಿಲ್ಟರಿನ ಕೆಳಗಿನ ಪಾತ್ರೆಯನ್ನು ಅಗಲವಾದ ಬೋಗುಣಿಯ ತಣ್ಣೀರಿನಲ್ಲಿಟ್ಟು ಹತ್ತು ನಿಮಿಷ ಬಿಡಬಹುದು. ಅದರ ಮೇಲೆ ಮುಚ್ಚಳವಿರಲಿ, ಏಕೆಂದರೆ ತೆರೆದಿಟ್ಟ ಬಿಸಿ ಡಿಕಾಕ್ಷನ್ನಿನಿಂದ ಮೊದಲು ಹಾರಿಹೋಗುವುದು ಪರಿಮಳವೇ.

ಇನ್ನು ಡಿಕಾಕ್ಷನ್ ಎಷ್ಟು ಗಟ್ಟಿಯಿರಬೇಕು ಎಂಬುದು. ಎಷ್ಟೇ ಜಾಣತನದಿಂದ ಮಾಡಿದರೂ ಕೊನೆಯ ಗುಟುಕಿನವರೆಗೆ ಐಸ್ ಕರಗುತ್ತಲೇ ಇರುತ್ತದೆ, ಆದ್ದರಿಂದ ಆರಂಭದಲ್ಲೇ ಸ್ವಲ್ಪ ಹೆಚ್ಚು ಗಟ್ಟಿಯಾಗಿ ಹೊರಡಬೇಕು. ಇಬ್ಬರಿಗೆ ಎಂದು ದಿನವೂ 20 ಗ್ರಾಂ ಪುಡಿ ಹಾಕುವವರು ಐಸ್ ಕಾಫಿಗೆ 30 ಗ್ರಾಂ ಹಾಕಿ, ಅದರ ಮೇಲೆ 150 ಮಿಲಿಲೀಟರ್ ಕುದಿನೀರನ್ನು ಎರಡು ಕಂತಿನಲ್ಲಿ ಸುರಿಯಲಿ: ಮೊದಲು ಪುಡಿ ನೆನೆದು ಉಬ್ಬುವಷ್ಟು, ಅರ್ಧ ನಿಮಿಷದ ನಂತರ ಉಳಿದದ್ದು. ಪುಡಿಯು ತನ್ನ ತೂಕದ ಎರಡರಷ್ಟು ನೀರನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ ಕೆಳಗೆ ಇಳಿಯುವುದು 90 ಮಿಲಿಲೀಟರಿನಷ್ಟು, ಎರಡು ಲೋಟಕ್ಕೆ ಸರಿಯಾಗಿ. ಪುಡಿಯನ್ನು ತೂತಿನ ಬಿಲ್ಲೆಯಿಂದ ಬಲವಾಗಿ ಒತ್ತಿದರೆ ಡಿಕಾಕ್ಷನ್ ಗಂಟೆಗಟ್ಟಲೆ ತೊಟ್ಟಿಕ್ಕುತ್ತಾ ಒಗರನ್ನೂ ಜೊತೆಗೆ ಇಳಿಸುತ್ತದೆ, ಮೃದುವಾಗಿ ಸಮಮಾಡಿದರೆ ಸಾಕು.

ಪ್ರಶ್ನೆ ಕೇಳಿದವರು ಮುಂಬಯಿಯ ಸೆಖೆಯನ್ನು ದೂರಿದ್ದಾರೆ, ಅದಕ್ಕೆ ಅವರು ಅಂದುಕೊಂಡಿದ್ದಕ್ಕಿಂತ ಹೆಚ್ಚಿನ ಕಾರಣವಿದೆ. ಐಸ್ ಹಾಕಿದ ಲೋಟವನ್ನು ಮೇಜಿನ ಮೇಲಿಟ್ಟು ಎರಡು ನಿಮಿಷ ಗಮನಿಸಿ: ಹೊರಮೈಯಲ್ಲಿ ಮೊದಲು ಮಂಜು ಕವಿಯುತ್ತದೆ, ಮಂಜು ಹನಿಗಟ್ಟುತ್ತದೆ, ಹನಿಗಳು ಒಂದನ್ನೊಂದು ಕೂಡಿಕೊಂಡು ಕೆಳಗಿಳಿದು ಅಡಿಯಲ್ಲಿದ್ದ ಕಾಗದಕ್ಕೆ ದುಂಡನೆಯ ಕಲೆ ಹಾಕುತ್ತವೆ. ಗಾಳಿಯಲ್ಲಿದ್ದ ನೀರಾವಿ ತಣ್ಣನೆಯ ಲೋಟಕ್ಕೆ ತಾಗಿ ನೀರಾಗುವಾಗ ಪ್ರತಿ ಗ್ರಾಮಿಗೂ 580 ಕ್ಯಾಲೊರಿಯಷ್ಟು ಶಾಖವನ್ನು ಬಿಡುತ್ತದೆ, ಅದರ ಬಹುಪಾಲು ಲೋಟದ ಒಳಕ್ಕೇ ಹೋಗುತ್ತದೆ. ಹೊರಗೆ ಒಂದು ಗ್ರಾಂ ಹನಿ ಕಟ್ಟಿತೆಂದರೆ ಒಳಗೆ ಆರೇಳು ಗ್ರಾಂ ಐಸ್ ಕರಗುವಷ್ಟು ಶಾಖ ಸೇರಿಕೊಂಡಿರುತ್ತದೆ. ಪುಣೆಯ ಏಪ್ರಿಲ್ ಮಧ್ಯಾಹ್ನ ಬಿಸಿಲು ಮುಂಬಯಿಗಿಂತ ಪ್ರಖರವಾದರೂ ಗಾಳಿ ಒಣ, ಅಲ್ಲಿ ಲೋಟ ಇಷ್ಟು ಬೆವರುವುದಿಲ್ಲ. ಇಲ್ಲಿ ಸಮುದ್ರದ ತೇವವೇ ಕಾಫಿಯನ್ನು ತೆಳುಮಾಡುವ ಗುಟ್ಟಿನ ಪಾಲುದಾರ. ತೆಳ್ಳನೆಯ ಸ್ಟೀಲ್ ಲೋಟ ಬಿಸಿ ಕಾಫಿಗೆ ಎಷ್ಟು ಶೋಭೆಯೋ ಐಸ್ ಕಾಫಿಗೆ ಅಷ್ಟೇ ಅನನುಕೂಲ. ದಪ್ಪ ಗಾಜಿನದು ಪರವಾಗಿಲ್ಲ, ಎರಡು ಪದರದ ಲೋಟವಿದ್ದರೆ ಇನ್ನೂ ಒಳ್ಳೆಯದು. ಸಣ್ಣ ತುಂಡುಗಳಿಗಿಂತ ಒಂದೆರಡು ದೊಡ್ಡ ತುಂಡು ಐಸ್ ನಿಧಾನವಾಗಿ ಕರಗುತ್ತದೆ, ತೂಕ ಒಂದೇ ಆದರೂ ಕಾಫಿಗೆ ತಾಗುವ ಮೈ ಕಡಿಮೆ.

ಸಕ್ಕರೆಯನ್ನು ಡಿಕಾಕ್ಷನ್ ಬಿಸಿಯಿರುವಾಗಲೇ ಹಾಕಿ ಕರಗಿಸಿ. ತಣ್ಣನೆಯ ಹಾಲಿನಲ್ಲಿ ಸಕ್ಕರೆ ಕರಗದೆ ಇರುವುದಿಲ್ಲ, ಆದರೆ ಕರಗುವುದು ಬಹಳ ನಿಧಾನ. ಲೋಟದ ತಳದಲ್ಲಿ ಹರಳಾಗಿ ಕುಳಿತ ಸಕ್ಕರೆ ಕಾಫಿಯೆಲ್ಲ ಮುಗಿದ ಮೇಲೆ ಬಾಯಿಗೆ ಬರುತ್ತದೆ. ತಂಪಾದದ್ದರಲ್ಲಿ ಸಿಹಿ ನಾಲಿಗೆಗೆ ಮಂದವಾಗಿ ತಿಳಿಯುವುದರಿಂದ (ಕರಗಿದ ಐಸ್‌ಕ್ರೀಮು ಅತಿಸಿಹಿ ಎನಿಸುವುದು ಇದೇ ಕಾರಣಕ್ಕೆ) ಎಂದಿನ ಅಳತೆಗಿಂತ ತುಸು ಹೆಚ್ಚು ಬೇಕಾದೀತು. ಸಿಹಿ ಸಾಲದೆಯೇ ಕಹಿ ಮುಂದೆ ಬರುವುದು ಹೆಚ್ಚು. ಸಕ್ಕರೆ ಏರಿಸಲು ಇಷ್ಟವಿಲ್ಲದವರು ಡಿಕಾಕ್ಷನ್ನಿಗೆ ನಾಲ್ಕಾರು ಹರಳು ಉಪ್ಪು ಹಾಕಿ ನೋಡಬಹುದು. ಉಪ್ಪಿನಲ್ಲಿರುವ ಸೋಡಿಯಂ ಕಹಿಯ ಅರಿವನ್ನು ತಗ್ಗಿಸುತ್ತದೆ, ಉಪ್ಪು ಹಾಕಿದೆ ಎಂದು ಗೊತ್ತಾಗುವಷ್ಟು ಹಾಕಿದರೆ ಮಾತ್ರ ಕೆಟ್ಟಿತು.

ಹಾಲಿನಲ್ಲಿ ಕೊಬ್ಬಿನ ಅಂಶ ಹೆಚ್ಚಿರಲಿ. ಮುಂಬಯಿಯಲ್ಲಿ ಸಿಗುವ ಪೊಟ್ಟಣಗಳಲ್ಲಿ ಟೋನ್ಡ್ ಹಾಲಿಗೆ ಕನಿಷ್ಠ ಶೇ. 3, ಫುಲ್ ಕ್ರೀಮ್ ಹಾಲಿಗೆ ಶೇ. 6 ಕೊಬ್ಬು ಇರಬೇಕೆಂಬ ನಿಯಮವಿದೆ, ಐಸಿನ ನೀರನ್ನು ತಡೆದುಕೊಳ್ಳುವುದು ಎರಡನೆಯದು. ತಬೇಲೆಯಿಂದ ಎಮ್ಮೆ ಹಾಲು ತರಿಸುವವರಿಗೆ ಇನ್ನೂ ಅನುಕೂಲ, ಆದರೆ ಕಾಯಿಸಿ ತಣಿಸಿದ ಮೇಲೆ ಕಟ್ಟುವ ದಪ್ಪ ಕೆನೆಯನ್ನು ಸೋಸದೆ ಬಿಟ್ಟರೆ ತಣ್ಣನೆಯ ಕಾಫಿಯಲ್ಲಿ ಅದು ಚೂರುಚೂರಾಗಿ ತುಟಿಗಂಟುತ್ತದೆ. ಬಿಸಿ ಕಾಫಿಯಲ್ಲಿ ಕೆನೆಯನ್ನು ಬಯಸುವವರೂ ಇದರಲ್ಲಿ ಸಹಿಸುವುದಿಲ್ಲ.

ಈಗ ಐಸಿನ ವಿಚಾರ. ಒಳ್ಳೆಯ ನೀರಿನದು ಎಂದಷ್ಟೇ ನೋಡಿದರೆ ಸಾಲದು, ಫ್ರೀಜರಿನಲ್ಲಿ ಅದರ ನೆರೆಹೊರೆ ಯಾರು ಎಂಬುದನ್ನೂ ನೋಡಬೇಕು. ಕರಾವಳಿಯವರ ಮನೆಯ ಫ್ರೀಜರಿನಲ್ಲಿ ಬಂಗುಡೆಯೋ ಬೊಂಬಿಲ್ಲೋ ತುರಿದ ತೆಂಗಿನಕಾಯಿಯೋ ಇದ್ದೇ ಇರುತ್ತದೆ. ಮುಚ್ಚಳವಿಲ್ಲದ ಟ್ರೇಯಲ್ಲಿ ವಾರಗಟ್ಟಲೆ ಇದ್ದ ಐಸ್ ಆ ವಾಸನೆಯನ್ನೆಲ್ಲ ಹೀರಿಕೊಂಡಿರುತ್ತದೆ, ತಣ್ಣನೆಯ ಕಾಫಿಯಲ್ಲಿ ಅದನ್ನು ಮುಚ್ಚಿಹಾಕಲು ಹಬೆಯ ಪರಿಮಳವೂ ಇಲ್ಲ. ಮುಚ್ಚಳದ ಟ್ರೇ ಒಂದನ್ನು ಕೊಳ್ಳುವುದು ಒಳ್ಳೆಯದು. ಹೊರಗಿನಿಂದ ಐಸ್ ತರುವ ಸಂದರ್ಭ ಬಂದರೆ ಬಣ್ಣ ನೋಡಿ ತನ್ನಿ: ತಿನ್ನಲು ಬಳಸಬಾರದ ಐಸಿಗೆ ತಿಳಿನೀಲಿ ಬಣ್ಣ ಬೆರೆಸಬೇಕೆಂದು ಮಹಾರಾಷ್ಟ್ರದ ಆಹಾರ ಇಲಾಖೆ 2018ರಲ್ಲಿ ಕಡ್ಡಾಯ ಮಾಡಿದೆ.

ನನ್ನ ಮೆಚ್ಚಿನ ಉಪಾಯವೆಂದರೆ ಎರಡನೇ ಡಿಕಾಕ್ಷನ್ನಿನದು. ಮೊದಲ ಡಿಕಾಕ್ಷನ್ ಇಳಿದ ಮೇಲೆ ಅದೇ ಪುಡಿಗೆ ಮತ್ತೊಮ್ಮೆ ನೀರು ಹಾಕಿ ಇಳಿಸುವ ತೆಳು ಡಿಕಾಕ್ಷನ್ ಬಿಸಿ ಕಾಫಿಗೆ ಅಷ್ಟೇನೂ ಮರ್ಯಾದೆ ತರುವುದಿಲ್ಲ, ಹಾಗೆಂದು ಚೆಲ್ಲಲೂ ಮನಸ್ಸು ಬಾರದು. ಅದನ್ನು ಐಸ್ ಟ್ರೇಗೆ ಸುರಿದು ಗಟ್ಟಿಮಾಡಿಟ್ಟುಕೊಂಡರೆ, ಕರಗಿದಾಗ ಲೋಟಕ್ಕೆ ಸೇರುವುದು ಬರೀ ನೀರಾಗಿರದೆ ತೆಳು ಕಾಫಿಯಾಗಿರುತ್ತದೆ, ಕೊನೆಯ ಗುಟುಕಿನಲ್ಲೂ ರುಚಿ ಬದಲಾಗುವುದಿಲ್ಲ. ಅದಕ್ಕೆ ಸಕ್ಕರೆ ಬೆರೆಸಬೇಡಿ: ಸಕ್ಕರೆ ನೀರಿನ ಹೆಪ್ಪುಗಟ್ಟುವ ಉಷ್ಣತೆಯನ್ನು ಇಳಿಸುವುದರಿಂದ ತುಂಡುಗಳು ಮೆತ್ತಗಾಗಿ ಬೇಗ ಕರಗುತ್ತವೆ.

ಪುಡಿಯ ಬಗ್ಗೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆ ಹೋದವರು ಕಿಂಗ್ಸ್ ಸರ್ಕಲ್ ಸುತ್ತಮುತ್ತ ಎದುರಿಗೇ ಬೀಜ ಪುಡಿಮಾಡಿಕೊಡುವ ಅಂಗಡಿಯಿಂದ ಅರ್ಧ ಕಿಲೋ ಕಾಫಿ ಹಿಡಿದು ಮರಳುವುದು ಉಂಟು, ಅಲ್ಲಿ ಚಿಕೋರಿ (ಕಾಫಿಗೆ ಬೆರೆಸುವ, ಹುರಿದ ಬೇರಿನ ಪುಡಿ) ಎಷ್ಟೆಂದು ನಾವೇ ಹೇಳಬಹುದು. ಪೊಟ್ಟಣದ್ದಾದರೆ ಮೇಲೆ ನಮೂದಿಸಿರುವ ಪ್ರಮಾಣ ಓದಿಕೊಳ್ಳಬೇಕು. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆಯಿರಕೂಡದು ಎಂಬುದಷ್ಟೇ ಕಾನೂನಿನ ಮಿತಿ, ಅಂದರೆ ಉಳಿದದ್ದೆಲ್ಲ ಚಿಕೋರಿಯಾಗಿರಬಹುದು. ಚಿಕೋರಿ ಬಣ್ಣವನ್ನೂ ಮೈಯನ್ನೂ ಕೊಡುತ್ತದೆ, ಹಾಲು ಹಾಕಿದ ಐಸ್ ಕಾಫಿಗೆ ಅದರಿಂದ ಪ್ರಯೋಜನವಿದೆ. ಆದರೆ ಶೇ. 20 ದಾಟಿದರೆ ತಣ್ಣಗಿನಲ್ಲಿ ಅದರ ಸುಟ್ಟ ಬೆಲ್ಲದಂಥ ಕಹಿಯೇ ಮೆರೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಬೀಜದಲ್ಲಿ ಪ್ಲಾಂಟೇಶನ್ ಎ (ದಪ್ಪ ಬೀಜದ ದರ್ಜೆ) ಮತ್ತು ಪೀಬೆರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡನೆಯ ಬೀಜ) ಎರಡನ್ನೂ ಅರ್ಧರ್ಧ ಹಾಕಿಸುವವರು ಬದಲಾಯಿಸಬೇಕಾದ ಅಗತ್ಯವಿಲ್ಲ. ಹುಳಿಯ ಎಳೆ ಇಷ್ಟವಾಗದವರು ಮಾನ್ಸೂನ್ಡ್ ಮಲಬಾರ್ ಕೇಳಿ ನೋಡಬಹುದು. ಮಂಗಳೂರಿನ ಗೋದಾಮುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ಬೀಜಗಳನ್ನು ಹರವಿ, ಉಬ್ಬಿಸಿ, ಬಣ್ಣ ಮಾಸುವಂತೆ ಮಾಡಿದ ಈ ಕಾಫಿಯಲ್ಲಿ ಹುಳಿ ಬಹಳ ಕಡಿಮೆ. ಇನ್ನು ತಣ್ಣೀರಿನಲ್ಲೇ ರಾತ್ರಿಯಿಡೀ ನೆನೆಸಿ ಸೋಸುವ ಕೋಲ್ಡ್ ಬ್ರೂ ಮಾಡಬೇಕೆನ್ನುವವರು ಪುಡಿಯನ್ನು ರವೆಯಂತೆ ತರಿತರಿಯಾಗಿ ಮಾಡಿಸಿಕೊಂಡು, ಫ್ರಿಜ್ಜಿನೊಳಗೇ ನೆನೆಸಲಿ. ಫಿಲ್ಟರಿನ ನುಣ್ಣನೆಯ ಪುಡಿ ಬಟ್ಟೆಯ ಕಣ್ಣುಗಳನ್ನು ಮುಚ್ಚಿ ಸೋಸುವವರ ತಾಳ್ಮೆ ಕೆಡಿಸುತ್ತದೆ. ಇಲ್ಲಿನ ಹೋಟೆಲುಗಳ ಕೋಲ್ಡ್ ಕಾಫಿಯಂತೂ ಬೇರೆಯೇ ಜಾತಿ: ಇನ್‌ಸ್ಟಂಟ್ ಪುಡಿ, ಹಾಲು, ಸಕ್ಕರೆ, ಐಸುಗಳನ್ನು ಮಿಕ್ಸರಿನಲ್ಲಿ ನೊರೆಯೆಬ್ಬಿಸಿದ ಪಾನೀಯವದು, ಅದರ ರುಚಿಯನ್ನು ಫಿಲ್ಟರಿನಿಂದ ನಿರೀಕ್ಷಿಸಬಾರದು.

ಇಷ್ಟನ್ನೂ ಒಂದೇ ದಿನ ಮಾಡಲು ಹೊರಟರೆ ಕಾಫಿ ಚೆನ್ನಾಗಿ ಆದರೂ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ. ಈ ವಾರ ಡಿಕಾಕ್ಷನ್ ತಣಿಸುವುದನ್ನು ಮಾತ್ರ ಬದಲಿಸಿ, ಮುಂದಿನ ವಾರ ಐಸನ್ನು. ಅಡಿಗೆಮನೆಯಲ್ಲಿ ಇಂಥ ಸಣ್ಣ ಬದಲಾವಣೆಗಳಿಗಿರುವ ಖುಷಿಯೆಂದರೆ ಇವಕ್ಕೆ ಖರ್ಚಿಲ್ಲ, ಮನೆಯವರ ಒಪ್ಪಿಗೆ ಬೇಕಿಲ್ಲ, ಹಿಡಿಸದಿದ್ದರೆ ಮರುದಿನವೇ ಹಿಂದಿನಂತೆ ಮಾಡಿಕೊಳ್ಳಬಹುದು. ಮೂಲ ಅಳತೆ ಕೈಗೆ ಬಂದ ಮೇಲೆ ಪುಡಿಯ ಜೊತೆ ಒಂದು ಏಲಕ್ಕಿಯನ್ನು ಜಜ್ಜಿ ಹಾಕಿ ನೋಡಿ, ಇನ್ನೊಂದು ದಿನ ಚಿಟಿಕೆ ಒಣಶುಂಠಿ. ಸಕ್ಕರೆಯ ಬದಲು ಕೊಲ್ಹಾಪುರದ ಬೆಲ್ಲವನ್ನು ಬಿಸಿ ಡಿಕಾಕ್ಷನ್ನಿನಲ್ಲಿ ಕರಗಿಸಿ ಸೋಸಿಕೊಂಡರೆ ಬಣ್ಣವೂ ಗಾಢವಾಗುತ್ತದೆ. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಭಯವಿರುತ್ತದೆ, ಇಲ್ಲಿ ಎರಡೂ ತಣ್ಣಗಿರುವುದರಿಂದ ಆ ಅಪಾಯ ಕಡಿಮೆ. ಹಾಲು ಒಗ್ಗದವರಿಗೆ ಹೊಸದಾಗಿ ಹಿಂಡಿದ ದಪ್ಪ ತೆಂಗಿನಹಾಲು ಇದೆ. ಬೆಲ್ಲದ ಡಿಕಾಕ್ಷನ್ನಿಗೂ ಅದಕ್ಕೂ ಒಳ್ಳೆಯ ಹೊಂದಾಣಿಕೆ, ಗೋವೆಯಿಂದ ಮಂಗಳೂರಿನವರೆಗಿನ ಕರಾವಳಿಯ ಬಾಯಿಗೆ ಈ ಜೋಡಿ ಅಪರಿಚಿತವೆನಿಸಲಾರದು.

ಒಂದು ಎಚ್ಚರಿಕೆ ಉಳಿದಿದೆ. ತಣ್ಣಗಿರುವುದರಿಂದ ಐಸ್ ಕಾಫಿ ಸಲೀಸಾಗಿ ಒಳಗಿಳಿಯುತ್ತದೆ, ಎರಡನೇ ಲೋಟಕ್ಕೂ ಕೈ ಚಾಚುತ್ತದೆ. ಆದರೆ ಮೇಲಿನ ಅಳತೆಯಂತೆ ಒಂದು ಲೋಟಕ್ಕೆ 15 ಗ್ರಾಂ ಪುಡಿ ಬಿದ್ದಿರುತ್ತದೆ. ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ಅರೇಬಿಕಾ ಬೀಜದ ತೂಕದಲ್ಲಿ ಶೇ. 1.2ರಷ್ಟು ಕೆಫೀನ್ ಇರುತ್ತದೆ, ರೋಬಸ್ಟಾದಲ್ಲಿ ಅದರ ಸುಮಾರು ಎರಡರಷ್ಟು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಹೀಗಾಗಿ ನಾಲ್ಕು ಗಂಟೆಯ ನಂತರ ಕಾಫಿ ಕುಡಿದರೆ ನಿದ್ದೆ ಬಾರದು ಎನ್ನುವವರು ಹೊಸ ಡಿಕಾಕ್ಷನ್ನಿನ ತಂಟೆಗೆ ಹೋಗದೆ, ಗಟ್ಟಿಮಾಡಿಟ್ಟ ಎರಡನೇ ಡಿಕಾಕ್ಷನ್ನಿನ ನಾಲ್ಕು ತುಂಡುಗಳನ್ನು ಸಿಹಿ ಬೆರೆಸಿದ ತಣ್ಣನೆಯ ಹಾಲಿಗೆ ಹಾಕಿ, ಅವು ಅರ್ಧ ಕರಗುವವರೆಗೆ ಬಿಟ್ಟು ಕುಡಿಯಬಹುದು. ಮೊದಲ ಸಲಕ್ಕೇ ಕೆಫೀನಿನ ಬಹುಪಾಲು ಇಳಿದುಹೋಗಿರುವುದರಿಂದ ಅದರಲ್ಲಿ ಉಳಿದಿರುವುದು ಸ್ವಲ್ಪ ಮಾತ್ರ.