ಹಾಸ್ಟೆಲ್ ಮಂಚದ ತಿಗಣೆಯೂ ತೋಟದ ಬೋರರೂ

ಅರೇಬಿಕಾ ಕಾಫಿ ತೋಟಕ್ಕೆ ಬಿಳಿ ಕಾಂಡಕೊರಕ, ಅಂದರೆ ಬೋರರ್ ಬಿದ್ದರೆ ಅನುಭವಿ ಬೆಳೆಗಾರ ಮೊದಲು ಔಷಧಿಯ ಡಬ್ಬಿಗೆ ಕೈ ಹಾಕುವುದಿಲ್ಲ. ಹುಳು ಕಾಂಡದೊಳಗೆ ಸುರಂಗ ಕೊರೆದು ಕೂತಿರುತ್ತದೆ, ಹೊರಗಿನಿಂದ ಏನು ಸುರಿದರೂ ಅದಕ್ಕೆ ತಟ್ಟದು. ಅದು ದುಂಬಿಯಾಗಿ ಹೊರಬಂದು ಹಾರುವುದು ವರ್ಷಕ್ಕೆ ಎರಡು ಸಲ: ಮುಂಗಾರಿಗೆ ಮುಂಚೆ ಏಪ್ರಿಲ್-ಮೇ ಹೊತ್ತಿಗೆ, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಅದಕ್ಕೂ ಮೊದಲೇ ಆಳುಗಳು ಸಾಲು ಹಿಡಿದು ಗಿಡಗಿಡವನ್ನೂ ನೋಡುತ್ತಾರೆ. ಎಲೆ ಹಳದಿಯಾಗಿ, ಕಾಂಡದ ಮೇಲೆ ಏಣು ಎದ್ದ ಗಿಡವನ್ನು ಕಿತ್ತು ಸುಡುತ್ತಾರೆ. ಬೋರರ್ ಟ್ರೇಸಿಂಗ್ ಎಂದರೆ ಇದೇ. ಪಕ್ಕದ ತೋಟದವರು ಸುಮ್ಮನೆ ಕೂತರೆ ತನ್ನ ಖರ್ಚು ನೀರುಪಾಲು ಎಂಬುದೂ ಬೆಳೆಗಾರನಿಗೆ ಚೆನ್ನಾಗಿ ಗೊತ್ತು.

ಅದೇ ಬೆಳೆಗಾರನ ಮಗ ಚಿಕ್ಕಮಗಳೂರಿನ ಜ್ಯೋತಿನಗರದಲ್ಲಿ ಪಿಜಿ ಸೇರಿ, ತಿಗಣೆ ಕಚ್ಚಿದ ಮರುದಿನ ಏನು ಮಾಡುತ್ತಾನೆ? ಅಂಗಡಿಯಿಂದ ಸ್ಪ್ರೇ ತಂದು ಹಾಸಿಗೆಯ ಮೇಲೆ ನಾಲ್ಕು ಸುತ್ತು ಹೊಡೆದು, ಕಿಟಕಿ ಮುಚ್ಚಿಕೊಂಡು ಕಾಲೇಜಿಗೆ ಹೋಗುತ್ತಾನೆ. ಮನೆಯಲ್ಲಿ ಕಣ್ಣಾರೆ ಕಂಡ ಕೀಟಶಾಸ್ತ್ರ ಕೋಣೆಯ ಬಾಗಿಲಲ್ಲಿ ಚಪ್ಪಲಿಯೊಂದಿಗೆ ಉಳಿದುಹೋಗುತ್ತದೆ.

ತಿಗಣೆಯೂ ಒಂದು ರೀತಿಯಲ್ಲಿ ಒಳಗೆ ಕೂತ ಹುಳುವೇ. ಅದು ನಮ್ಮ ಮೈಮೇಲೆ ಇರುವುದು ಐದರಿಂದ ಹತ್ತು ನಿಮಿಷ ಮಾತ್ರ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಮತ್ತು ಮೈಯ ಬಿಸಿಯ ಜಾಡು ಹಿಡಿದು ಬರುತ್ತದೆ, ಹೊಟ್ಟೆ ತುಂಬಿಸಿಕೊಂಡು ಹಿಂತಿರುಗುತ್ತದೆ. ಉಳಿದ ಕಾಲವೆಲ್ಲ ಮಂಚದ ಬೆಸುಗೆಯ ಸಂದು, ಹಾಸಿಗೆಯ ಅಂಚಿನ ಹೊಲಿಗೆ, ಗೋಡೆಯ ಸ್ವಿಚ್ ಬೋರ್ಡಿನ ಹಿಂಭಾಗ, ಬಿರುಕು ಬಿಟ್ಟ ಸುಣ್ಣದ ಪದರ ಇಂಥಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತದೆ. ಹಾಸ್ಟೆಲ್‌ಗಳ ಕಬ್ಬಿಣದ ಮಂಚ ಸುರಕ್ಷಿತ ಎಂಬ ನಂಬಿಕೆಯಿದೆ. ಟೊಳ್ಳು ಕೊಳವೆಯ ತುದಿಗೆ ಮುಚ್ಚಳವಿಲ್ಲದಿದ್ದರೆ ಅದಕ್ಕಿಂತ ಒಳ್ಳೆಯ ಬಿಲ ತಿಗಣೆಗೆ ಸಿಗಲಾರದು.

ಮೊಬೈಲಿನ ಟಾರ್ಚ್ ಹಾಕಿ ಹಾಸಿಗೆಯ ಹೊಲಿಗೆಯನ್ನು ಎರಡು ಬೆರಳಿನಿಂದ ಬಿಡಿಸಿ ನೋಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಸಾಲಾಗಿ ಕಾಣಬಹುದು. ಅದು ಕೊಳೆಯಲ್ಲ, ಜೀರ್ಣವಾದ ನಿಮ್ಮದೇ ರಕ್ತ. ಒದ್ದೆ ಹತ್ತಿಯಿಂದ ಒರೆಸಿದರೆ ಕಂದುಗೆಂಪಾಗಿ ಹರಡುತ್ತದೆ. ಜೊತೆಗೆ ತೆಳು ಕಂದು ಬಣ್ಣದ ಪೊರೆಗಳಿರುತ್ತವೆ. ಮೊಟ್ಟೆಯೊಡೆದ ಮರಿ ದೊಡ್ಡದಾಗುವವರೆಗೆ ಐದು ಸಲ ಪೊರೆ ಕಳಚಬೇಕು, ಪ್ರತಿ ಸಲಕ್ಕೂ ಕನಿಷ್ಠ ಒಂದು ಊಟ ರಕ್ತ ಬೇಕು. ಒಂದು ಮಿಲಿಮೀಟರ್ ಉದ್ದದ, ಹಾಲುಬಿಳಿ ಮೊಟ್ಟೆಗಳು ಬಟ್ಟೆಗೆ ಅಂಟಿಸಿದಂತೆ ಕೂತಿರುತ್ತವೆ, ಕೊಡವಿದರೆ ಉದುರುವುದಿಲ್ಲ.

ಸ್ಪ್ರೇ ಸೋಲುವುದು ಇಲ್ಲಿಯೇ. ಮೊಟ್ಟೆಗೆ ಅದು ಹೆಚ್ಚು ತಾಗುವುದಿಲ್ಲ. ಒಂದು ವಾರ, ಹತ್ತು ದಿನದಲ್ಲಿ ಮರಿ ಹೊರಬರುತ್ತದೆ. ಸಂದಿನೊಳಗಿನ ದೊಡ್ಡವು ಸಾಯುವ ಬದಲು ಔಷಧದ ಕಿರಿಕಿರಿಗೆ ಚದುರಿ ಬೇರೆ ಸಂದು ಹುಡುಕುತ್ತವೆ. ಎಲ್ಲಕ್ಕಿಂತ ದೊಡ್ಡ ತೊಡಕು ಅವುಗಳ ನರದಲ್ಲೇ ಇದೆ. ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ವಿಷ. ನರಕೋಶದಲ್ಲಿ ಸೋಡಿಯಂ ಹಾದುಹೋಗುವ ಪುಟ್ಟ ಬಾಗಿಲುಗಳನ್ನು ಅದು ಮುಚ್ಚಗೊಡುವುದಿಲ್ಲ. ನರ ಬಿಡುವಿಲ್ಲದೆ ಮಿಡಿದು ಕೀಟ ಸೆಟೆದು ಸಾಯುತ್ತದೆ. ಆ ಬಾಗಿಲಿನ ಪ್ರೋಟೀನಿನಲ್ಲಿ ಒಂದೆರಡು ಅಮೈನೋ ಆಮ್ಲ ಬದಲಾದರೆ ಸಾಕು, ವಿಷಕ್ಕೆ ಹಿಡಿತ ಸಿಗುವುದಿಲ್ಲ. ಡಿಡಿಟಿ ಕೆಲಸ ಮಾಡುತ್ತಿದ್ದುದೂ ಇದೇ ಬಾಗಿಲಲ್ಲಿ. ಡಿಡಿಟಿಯ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪೌಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಬಂತು. ಅದಕ್ಕೆ ಒಂದು ವರ್ಷ ಮುಂಚೆಯೇ, 1947ರಲ್ಲಿ, ಹವಾಯಿಯ ಪರ್ಲ್ ಹಾರ್ಬರ್‌ನಲ್ಲಿ ಡಿಡಿಟಿಗೆ ಜಗ್ಗದ ತಿಗಣೆಗಳು ಪತ್ತೆಯಾಗಿದ್ದವು. ಬಹುಮಾನಕ್ಕಿಂತ ತಿಗಣೆಯೇ ಬೇಗ ತಲುಪಿತ್ತು. ನಮ್ಮಲ್ಲಿ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಮನೆಮನೆಯ ಗೋಡೆಗೂ ಡಿಡಿಟಿ ಬಿತ್ತು. ಮಲೇರಿಯಾಕ್ಕೆ ಹೆಸರಾಗಿದ್ದ ಮಲೆನಾಡಿಗೆ ಅದು ವರವಾಯಿತು. ಆದರೆ ಅದೇ ಗೋಡೆಯ ಬಿರುಕಿನಲ್ಲಿದ್ದ ತಿಗಣೆಗೂ ಆ ವಿಷದ ಪಾಠ ಆಯಿತು. ಇವತ್ತಿನ ತಿಗಣೆ ಪೈರೆಥ್ರಾಯ್ಡನ್ನು ಹೊಸ ಶತ್ರುವಿನಂತೆ ಎದುರಿಸುತ್ತಿಲ್ಲ.

ಒಂದೇ ಕೋಣೆಯ ಇಬ್ಬರಲ್ಲಿ ಒಬ್ಬನ ಮೈ ತುಂಬ ದದ್ದು, ಇನ್ನೊಬ್ಬನಿಗೆ ಏನೂ ಇಲ್ಲ, ಇದರಿಂದ ಜಗಳವಾಗುವುದುಂಟು. ತಿಗಣೆ ಯಾರ ರಕ್ತದ ರುಚಿಯನ್ನೂ ಆರಿಸಿ ಬಂದಿರುವುದಿಲ್ಲ. ಅದರ ಜೊಲ್ಲಿಗೆ ಪ್ರತಿಯೊಬ್ಬರ ಚರ್ಮ ಬೇರೆ ರೀತಿ ಸ್ಪಂದಿಸುತ್ತದೆ, ಕೆಲವರಲ್ಲಿ ಗುರುತೇ ಮೂಡುವುದಿಲ್ಲ. ದದ್ದಿಲ್ಲದವನ ಮಂಚದಲ್ಲೇ ಗೂಡು ಇರಬಹುದು. ಸಮಾಧಾನಕ್ಕೆ ಒಂದು ಸಂಗತಿ: ಮನುಷ್ಯರಿಗೆ ತಿಗಣೆ ಕಡಿತದಿಂದ ರೋಗ ಹರಡುತ್ತದೆ ಎಂಬುದು ಸಾಬೀತಾಗಿಲ್ಲ. ತುರಿಕೆ, ನಿದ್ದೆಗೇಡು, ಅವಮಾನ ಇವೇ ಅದರ ನಿಜವಾದ ರೋಗಗಳು. ಪರೀಕ್ಷೆಯ ತಿಂಗಳಲ್ಲಿ ಇಷ್ಟೇ ಸಾಕಷ್ಟಾಯಿತು.

ಕೋಣೆಯಿಂದ ಕೋಣೆಗೆ ಅದು ದಾಟುವ ಬಗೆ ಕುತೂಹಲದ್ದು. ಗಂಡು ತಿಗಣೆ ಕೂಡುವಾಗ ಹೆಣ್ಣಿನ ಹೊಟ್ಟೆಯ ಪಕ್ಕವನ್ನೇ ಮುಳ್ಳಿನಂಥ ಅಂಗದಿಂದ ಚುಚ್ಚುತ್ತದೆ. ಪ್ರತಿ ಕೂಟವೂ ಹೆಣ್ಣಿಗೊಂದು ಗಾಯ. ಗುಂಪಿನಲ್ಲಿ ಗಂಡುಗಳ ಕಾಟ ಹೆಚ್ಚಾದಾಗ ಬಸುರಿ ಹೆಣ್ಣು ಗುಂಪು ಬಿಟ್ಟು ಹೊರಡುತ್ತದೆ. ವೈರಿಂಗ್ ಕೊಳವೆ, ಬಾಗಿಲ ಸಂದು, ಪಕ್ಕದ ಕೋಣೆಯವರು ಎರವಲು ಪಡೆದ ಹೊದಿಕೆ, ಯಾವುದಾದರೂ ಸರಿ. ಅಣ್ಣ-ತಂಗಿ ಕೂಡಿದರೂ ಅವುಗಳ ವಂಶಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಿಲ್ಲವಾದ್ದರಿಂದ ಅಂಥ ಒಂದೇ ಒಂದು ಹೆಣ್ಣು ಹೊಸ ಕೋಣೆಯಲ್ಲಿ ಸಂಸಾರ ಹೂಡಬಲ್ಲದು. ಆದ್ದರಿಂದ 'ನನ್ನ ರೂಮಿಗೆ ಔಷಧಿ ಹೊಡೆಸಿದೆ' ಎಂಬ ಮಾತಿಗೆ ಅರ್ಥವೇ ಇಲ್ಲ. ತಿಗಣೆಯ ಲೆಕ್ಕದಲ್ಲಿ ಇಡೀ ಕಟ್ಟಡ ಒಂದೇ ಕೋಣೆ.

ಹಾಗಾದರೆ ಕೊಲ್ಲುವುದು ಯಾವುದರಿಂದ? ಬಿಸಿಯಿಂದ. ಸುಮಾರು 48 ಡಿಗ್ರಿ ಸೆಲ್ಸಿಯಸ್‌ನಲ್ಲಿ ದೊಡ್ಡ ತಿಗಣೆ ಇಪ್ಪತ್ತು ನಿಮಿಷದಲ್ಲಿ, ಮೊಟ್ಟೆ ಒಂದೂವರೆ ಗಂಟೆಯಲ್ಲಿ ಸಾಯುತ್ತವೆ. ಬಿಸಿಗೆ ಒಗ್ಗಿಕೊಂಡ ತಳಿ ಸೃಷ್ಟಿಯಾಗುವುದು ವಿಷಕ್ಕೆ ಒಗ್ಗಿದಷ್ಟು ಸುಲಭವಲ್ಲ. ಹಾಸಿಗೆಯನ್ನು ಬಿಸಿಲಿಗೆ ಹಾಕುವ ಅಜ್ಜಿಯಂದಿರ ಕ್ರಮ ಅರ್ಧ ಸರಿ. ಬಿಸಿಲಿಗೆ ಒಡ್ಡಿದ ಹಾಸಿಗೆಯಲ್ಲಿ ತಿಗಣೆ ನೆರಳಿನ ಬದಿಗೆ ಸರಿದು ತಣ್ಣಗೆ ಕೂರುತ್ತದೆ. ಹೊದಿಕೆ, ದಿಂಬು, ಬಟ್ಟೆಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತೆಳುವಾಗಿ ತುಂಬಿ ಬಾಯಿ ಬಿಗಿದು ಕಾಫಿ ಕಣದ ಸಿಮೆಂಟಿನ ಮೇಲೆ ಮಾರ್ಚ್ ತಿಂಗಳ ಮಧ್ಯಾಹ್ನ ಇಟ್ಟರೆ ಮಾತು ಬೇರೆ. ಆದರೆ ಚಿಕ್ಕಮಗಳೂರಿನಲ್ಲಿ ಜುಲೈಯ ಬಿಸಿಲನ್ನು ನಂಬಿ ಯಾರು ಏನನ್ನು ಒಣಗಿಸಿದ್ದಾರೆ? ಒಳಚಡ್ಡಿಯೇ ನಾಲ್ಕು ದಿನ ಹಸಿ ವಾಸನೆ ಬಿಡುವ ಕಾಲ ಅದು. ಮಳೆಗಾಲದಲ್ಲಿ ಉಳಿಯುವ ದಾರಿ ಕುದಿನೀರು ಮತ್ತು ಇಸ್ತ್ರಿಪೆಟ್ಟಿಗೆ. ಬಟ್ಟೆಯನ್ನು 60 ಡಿಗ್ರಿ ನೀರಿನಲ್ಲಿ ಒಗೆಯಬೇಕು, ಹತ್ತಿ ಹಾಸಿಗೆಯ ಅಂಚಿನ ಹೊಲಿಗೆಯ ಗುಂಟ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ಎಳೆಯಬೇಕು, ಕಬ್ಬಿಣದ ಮಂಚವನ್ನು ಹೊರಗೆ ತಂದು ಸಂದುಸಂದಿಗೂ ಕುದಿನೀರು ಸುರಿಯಬೇಕು. ಸೀಮೆಎಣ್ಣೆ ಮಾತ್ರ ಬೇಡ. ಮಲಗುವ ಕೋಣೆಯಲ್ಲಿ ಅದು ತಿಗಣೆಗಿಂತ ದೊಡ್ಡ ಅಪಾಯ.

ಮಂಚದ ಕಾಲಿಗೆ ನುಣುಪು ಬಟ್ಟಲು ಇಟ್ಟು ತಿಗಣೆ ಬೀಳಿಸುವ ಉಪಾಯವನ್ನು ವಿದೇಶಿ ವಿಡಿಯೋಗಳಲ್ಲಿ ನೋಡಿದವರಿಗೆ ಒಂದು ಎಚ್ಚರಿಕೆ. ಅಲ್ಲಿಯದು ಹೆಚ್ಚಾಗಿ ಸೈಮೆಕ್ಸ್ ಲೆಕ್ಟುಲೇರಿಯಸ್ ಎಂಬ ಜಾತಿಯ ತಿಗಣೆ, ನುಣುಪು ಗೋಡೆ ಹತ್ತಲಾರದು. ನಮ್ಮಂಥ ಉಷ್ಣವಲಯದ ಜಾತಿಯಾದ ಸೈಮೆಕ್ಸ್ ಹೆಮಿಪ್ಟೆರಸ್‌ನ ಕಾಲಿನ ಮೆತ್ತೆಯಲ್ಲಿ ಅಂಟುವ ಕೂದಲು ಹೆಚ್ಚು, ಅಂಥ ಬಟ್ಟಲನ್ನು ಹತ್ತಿ ಆಚೆ ಬರಬಲ್ಲದು. ಬಟ್ಟಲಿನಲ್ಲಿ ಸಿಕ್ಕಿದರೆ ತಿಗಣೆ ಇದೆಯೆಂದು ಖಾತ್ರಿ. ಸಿಗದಿದ್ದರೆ ಇಲ್ಲವೆಂದಲ್ಲ.

ಜಿರಳೆಯ ವಿಚಾರದಲ್ಲಿ ಮೊದಲು ಯಾವುದು ಎಂದು ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು. ಮಳೆಗೆ ಚರಂಡಿ ತುಂಬಿದಾಗ ಬಚ್ಚಲಿನ ಕೊಳವೆಯಿಂದ ಮೇಲೆ ಬರುವ, ಹೆಬ್ಬೆರಳಿನಷ್ಟು ದೊಡ್ಡ ಕೆಂಗಂದು ಜಿರಳೆ ಹೊರಗಿನದು. ಅದಕ್ಕೆ ಬೇಕಾದದ್ದು ಕೊಳವೆಯ ಬಾಯಿಗೆ ಒಂದು ಸಣ್ಣ ಜಾಲರಿ, ಅಷ್ಟೆ. ನಿಜವಾದ ಒಕ್ಕಲು ಒಂದೂವರೆ ಸೆಂಟಿಮೀಟರ್ ಉದ್ದದ, ಕತ್ತಿನ ಮೇಲೆ ಎರಡು ಕಪ್ಪು ಪಟ್ಟೆಯಿರುವ ಜರ್ಮನ್ ಜಿರಳೆ. 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಪ್ರಕಾರ ಅದು ಸುಮಾರು 2100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಪ್ರದೇಶದ ಹೊಲದ ಜಿರಳೆಯಿಂದ ಕವಲೊಡೆದದ್ದು. ಮನುಷ್ಯರ ಮನೆ ಬಿಟ್ಟು ಕಾಡಿನಲ್ಲಿ ಅದಕ್ಕೆ ಬಾಳುವೆಯಿಲ್ಲ. ಹೆಣ್ಣು ಮೂವತ್ತು ನಲವತ್ತು ಮೊಟ್ಟೆಗಳ ಕೋಶವನ್ನು ಮರಿಯಾಗುವ ಹೊತ್ತಿನವರೆಗೂ ಹೊಟ್ಟೆಯ ತುದಿಯಲ್ಲಿ ಕಚ್ಚಿಕೊಂಡೇ ಓಡಾಡುತ್ತದೆ.

ಪಿಜಿಗಳಲ್ಲಿ ಅಡುಗೆಗೆ ಅನುಮತಿ ಇಲ್ಲದ ಕಾರಣ ಅಡುಗೆಯೆಲ್ಲ ಮಂಚದ ಕೆಳಗೆ ನಡೆಯುತ್ತದೆ. ವಿದ್ಯುತ್ ಕೆಟಲಿನ ತಳ, ಇಂಡಕ್ಷನ್ ಒಲೆಯ ಗಾಳಿಕಿಂಡಿ, ವೈಫೈ ಪೆಟ್ಟಿಗೆಯ ಒಳಗು, ಎಲ್ಲಿ ಸದಾ ಬೆಚ್ಚಗಿದೆಯೋ ಅಲ್ಲೇ ಈ ಜಿರಳೆಯ ಠಿಕಾಣಿ. ಮಲೆನಾಡಿನ ಚಳಿಯಲ್ಲಂತೂ ಕೇಳುವುದೇ ಬೇಡ. ಇದಕ್ಕೆ ವಿಷ ಬೆರೆಸಿದ ಜೆಲ್ ಆಮಿಷ ಒಳ್ಳೆಯ ಮದ್ದು. ತಿಂದ ಜಿರಳೆ ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಮರಿಗಳೂ ಸಾಯುತ್ತವೆ. ಜೆಲ್ ಇಟ್ಟ ಜಾಗಕ್ಕೆ ಸ್ಪ್ರೇ ಹೊಡೆದರೆ ಎರಡೂ ಕೆಟ್ಟವು, ಸ್ಪ್ರೇಯ ವಾಸನೆಗೆ ಜಿರಳೆ ಆಮಿಷದ ಹತ್ತಿರ ಸುಳಿಯುವುದಿಲ್ಲ. ಒಂದೇ ಜೆಲ್ಲನ್ನು ವರ್ಷಗಟ್ಟಲೆ ನಂಬುವಂತೆಯೂ ಇಲ್ಲ. ಆಮಿಷಕ್ಕೆ ಗ್ಲೂಕೋಸ್ ಬೆರೆಸುತ್ತಿದ್ದಾಗ ಕೆಲವು ಜಿರಳೆಗಳಿಗೆ ಗ್ಲೂಕೋಸೇ ಕಹಿಯಾಗಿಬಿಟ್ಟಿತು. ಅವುಗಳ ಕಹಿ ಗ್ರಹಿಸುವ ನರಕೋಶವೇ ಗ್ಲೂಕೋಸಿಗೆ ಮಿಡಿಯುತ್ತದೆಂದು 2013ರಲ್ಲಿ ತೋರಿಸಲಾಯಿತು. ಸಿಹಿಯನ್ನು ಕಹಿಯೆಂದು ಉಗಿದವು ಉಳಿದವು, ಅವುಗಳ ಮಕ್ಕಳೂ ಹಾಗೆಯೇ ಆದವು.

ಇಲಿಯ ಬಗ್ಗೆ ಹೇಳಬೇಕಾದದ್ದು ಎರಡೇ. ಚುಂಡಿಲಿಗೆ ಆರೇಳು ಮಿಲಿಮೀಟರ್ ಸಂದು ಸಾಕು, ಅಂದರೆ ಪೆನ್ಸಿಲ್ ತೂರುವ ಕಡೆಯೆಲ್ಲ ಅದು ತೂರುತ್ತದೆ. ಸ್ಟೀಲ್ ನಾರು ತುರುಕಿ ಸಿಮೆಂಟ್ ಮೆತ್ತಿ. ಎರಡನೆಯದು ಗಂಭೀರ. ಮನೆಯ ಉಗ್ರಾಣದಲ್ಲಿ ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಇಲಿಗೆಂದೋ ತಿಗಣೆಗೆಂದೋ ಊರಿನಿಂದ ತಂದು ಕೋಣೆಯಲ್ಲಿ ಇಡುವವರಿದ್ದಾರೆ. ಗಾಳಿಯ ತೇವ ತಗುಲಿದರೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನೂ ಕೊರತೆಯಿಲ್ಲ. ಆ ಅನಿಲ ಬಾಗಿಲ ಸಂದಿನಲ್ಲಿ ನುಸುಳಿ ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲಬಲ್ಲದು. ಅದಕ್ಕೆ ಪ್ರತಿವಿಷವಿಲ್ಲ. ಇಂಥ ಮಾತ್ರೆ ಕಂಡರೆ ಕೋಣೆ ಬಿಟ್ಟು ಹೊರಬಂದು ವಾರ್ಡನ್‌ಗೆ ತಿಳಿಸುವುದು ಚಾಡಿಯಲ್ಲ.

ಮಳೆಯ ನಂತರ ದೀಪಕ್ಕೆ ಬರುವ, ಕಿತ್ತಳೆ-ಕಪ್ಪು ಪಟ್ಟೆಯ, ಇರುವೆಯಂತೆ ಕಾಣುವ ಪೆಡೆರಸ್ ಹುಳುವೂ ಓದುವ ಮೇಜಿಗೆ ಬೀಳುತ್ತದೆ. ಅದು ಕಚ್ಚುವುದಿಲ್ಲ. ಕುತ್ತಿಗೆಯ ಮೇಲೆ ಹೊಸಕಿದರೆ ಅದರ ರಸದಲ್ಲಿರುವ ಪೆಡೆರಿನ್ ಚರ್ಮವನ್ನು ಸುಟ್ಟ ಹಾಗೆ ಗೆರೆ ಎಳೆಯುತ್ತದೆ. ಊದಿ ಹಾರಿಸಿ, ಸೋಪಿನಲ್ಲಿ ತೊಳೆದುಕೊಳ್ಳಿ.

ಇನ್ನು ಮಾಲೀಕರ ವಿಷಯ. ದೂರು ಬಂದ ಕೋಣೆಗೆ ಮಾತ್ರ ಔಷಧಿ ಹೊಡೆಸುವುದು ಅವರಿಗೆ ಅಗ್ಗವೆಂದು ಕಾಣುತ್ತದೆ. ಒಂದು ಸೆಮಿಸ್ಟರಿನಲ್ಲಿ ಅದೇ ಕೆಲಸ ಮೂರು ಕೋಣೆಗೆ ಆದಾಗ ಲೆಕ್ಕ ಬುಡಮೇಲಾಗುತ್ತದೆ. ಮಾಡಬೇಕಾದದ್ದು ದೂರಿನ ಕೋಣೆ, ಅದರ ಎಡಬಲ, ಮೇಲೆ-ಕೆಳಗಿನ ಕೋಣೆ ಎಲ್ಲಕ್ಕೂ ಒಂದೇ ದಿನ, ಮತ್ತೆ ಸುಮಾರು ಎರಡು ವಾರದ ನಂತರ, ಮೊಟ್ಟೆಯೊಡೆದ ಮರಿಗಳು ಬಲಿಯುವ ಮುನ್ನ. ವಿದ್ಯಾರ್ಥಿಗಳೂ ತಮ್ಮ ಪಾಲಿನ ಕೆಲಸ ಮಾಡಬೇಕು. ಕಾಟ ಬಿದ್ದ ಹಾಸಿಗೆಯನ್ನು ಮೆಟ್ಟಿಲ ಕೆಳಗೆ ಎಸೆದರೆ ಎರಡನೇ ವಾರದಲ್ಲಿ ಯಾರೋ ಅದನ್ನೇ ಎತ್ತಿಕೊಂಡು ಹೋಗಿರುತ್ತಾರೆ. ಹರಿದು, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸಾಗಿಸಬೇಕು.

ಜೂನ್-ಜುಲೈಯಲ್ಲಿ ಹೊಸ ಪಿಜಿ ನೋಡಲು ಹೋದವರು ಬಾಡಿಗೆ, ಊಟ, ವೈಫೈ ಎಲ್ಲ ವಿಚಾರಿಸಿ ಮುಂಗಡ ಎಣಿಸಿ ಕೊಟ್ಟು ಬರುತ್ತಾರೆ. ಹಾಸಿಗೆಯನ್ನು ತಲೆಯ ಕಡೆಯಿಂದ ಎತ್ತಿ ಹೊಲಿಗೆ ನೋಡಿ, ಮಂಚದ ಕೊಳವೆಯ ತುದಿಗೆ ಟಾರ್ಚ್ ಬಿಡಿ, ಗೋಡೆಯ ಕಡೆಯ ಸ್ವಿಚ್ ಬೋರ್ಡಿನ ಸುತ್ತ ಕಪ್ಪು ಚುಕ್ಕೆ ಇದೆಯೇ ಗಮನಿಸಿ. ಕಡೆಯ ಸಲ ಔಷಧಿ ಹೊಡೆಸಿದ್ದು ಯಾವಾಗ, ಎಷ್ಟು ಕೋಣೆಗೆ ಎಂದು ಕೇಳಿ. 'ಒಂದೇ ರೂಮಿಗೆ' ಎಂಬ ಉತ್ತರ ಬಂದರೆ ಮುಂದಿನ ಕಟ್ಟಡ ನೋಡುವುದು ಮೇಲು.