ಹೃದಯದ ಫೈಲಿನಲ್ಲಿ ಇಲ್ಲದ ಎರಡು ಪ್ರಶ್ನೆ

ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರ ಫೈಲು ನೋಡಿದ್ದೀರಾ? ಇಸಿಜಿ, ಎಕೋ, ಆಂಜಿಯೋ ರಿಪೋರ್ಟ್, ಸಕ್ಕರೆ, ಕೊಲೆಸ್ಟ್ರಾಲ್, ಕಿಡ್ನಿ ಪರೀಕ್ಷೆ, ಎಲ್ಲ ಇರುತ್ತದೆ. ಎಲ್ಲವೂ ಬೇಕಾದದ್ದೇ. ಆದರೆ ಮನಸ್ಸು ಹೇಗಿದೆ ಎಂದು ಯಾರಾದರೂ ಕೇಳಿ ಬರೆದುಕೊಂಡ ಗುರುತು ಅದರಲ್ಲಿ ಸಿಗುವುದು ಅಪರೂಪ. ಮರೆವು ಹೆಚ್ಚಿದೆಯಾ ಎಂದು ನೋಡಿದ ಗುರುತಂತೂ ಇನ್ನೂ ಅಪರೂಪ.

ಮನಸ್ಸಿನ ಮಾತು ಆಮೇಲೆ ನೋಡೋಣ, ಮೊದಲು ಹೃದಯ ಸರಿಯಾಗಲಿ ಎಂದು ಎಷ್ಟೋ ಮನೆಯವರು ಹೇಳುತ್ತಾರೆ. ತಪ್ಪಾಗುವುದು ಇಲ್ಲೇ. ಹೃದಯಾಘಾತ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರಾಶರ್-ಸ್ಮಿತ್ ಮತ್ತು ಸಂಗಡಿಗರು ಹೃದಯಾಘಾತವಾದ 222 ರೋಗಿಗಳನ್ನು ಗಮನಿಸಿ 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆಯಲ್ಲಿರುವಾಗಲೇ ಖಿನ್ನತೆ ಇದ್ದವರಲ್ಲಿ, ಮುಂದಿನ ಆರು ತಿಂಗಳಲ್ಲಿ ಸಾವು ಸ್ಪಷ್ಟವಾಗಿ ಜಾಸ್ತಿ ಇತ್ತು. ಆಮೇಲೆ ಬೇರೆ ಬೇರೆ ದೇಶಗಳಿಂದ ಇಂಥದ್ದೇ ಲೆಕ್ಕ ಬರುತ್ತಾ ಹೋಯಿತು. 2014ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ತಜ್ಞರು, ಹೃದಯಾಘಾತದ ನಂತರ ಖಿನ್ನತೆಯನ್ನೂ ಒಂದು ಅಪಾಯದ ಅಂಶವೆಂದೇ ಪರಿಗಣಿಸಬೇಕು ಎಂದು ಹೇಳಿದರು.

ಬೇಜಾರಿಗೂ ಹೃದಯಕ್ಕೂ ಏನು ಸಂಬಂಧ ಅಂತ ಅನಿಸಬಹುದು. ಖಿನ್ನತೆಯಲ್ಲಿ ಒತ್ತಡದ ಹಾರ್ಮೋನುಗಳು ಏರಿಯೇ ಇರುತ್ತವೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಬೇಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೈಯೊಳಗಿನ ಉರಿಯೂತ ಹೆಚ್ಚುತ್ತದೆ. ಇದಕ್ಕಿಂತ ಸರಳವಾದ ಕಾರಣವೂ ಇದೆ. ಮನಸ್ಸು ಕುಸಿದವರು ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ. ವಾಕಿಂಗ್ ಬಿಡುತ್ತಾರೆ, ಬಿಟ್ಟಿದ್ದ ಸಿಗರೇಟು ಮತ್ತೆ ಹಿಡಿಯುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಮೊದಲ ತಿಂಗಳುಗಳಲ್ಲಿ ತಾವಾಗಿಯೇ ನಿಲ್ಲಿಸಿದರೆ, ಸ್ಟೆಂಟಿನೊಳಗೇ ರಕ್ತ ಗಟ್ಟಿಯಾಗಿ ಪ್ರಾಣಕ್ಕೆ ಬರಬಹುದು.

ಮುಂಬಯಿ ಕನ್ನಡಿಗರಿಗೆ ಇದು ದೂರದ ಮಾತೇನಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ಸರಾಸರಿ ವಯಸ್ಸು ಸುಮಾರು 53. ಉಳಿದವರಿಗೆ ಸುಮಾರು 59. ಐವತ್ತಮೂರು ಅಂದರೆ ಏನು ವಯಸ್ಸು? ಹೋಟೆಲು ಇನ್ನೂ ಕೈಯಲ್ಲೇ ಇರುತ್ತದೆ, ಡೊಂಬಿವಲಿಯ ಫ್ಲ್ಯಾಟಿನ ಸಾಲ ತೀರಿರುವುದಿಲ್ಲ, ಮಗಳ ಮದುವೆ ಎದುರಿಗೆ ನಿಂತಿರುತ್ತದೆ. ಬೆಳಗಿನ ಲೋಕಲ್ ಹಿಡಿಯಬೇಡಿ, ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ ದಿನದಿಂದ ಆ ಮನುಷ್ಯ ಮನೆಯಲ್ಲಿ ಸುಮ್ನೆ ಕೂತುಬಿಡುತ್ತಾನೆ. ಮನೆಯವರು ವಿಶ್ರಾಂತಿ ಅಂದುಕೊಳ್ಳುತ್ತಾರೆ.

ಇದನ್ನು ಪತ್ತೆ ಮಾಡಲು ಯಂತ್ರ ಬೇಕಿಲ್ಲ. ಪಿಎಚ್‌ಕ್ಯೂ-2 ಎಂಬ ಪುಟ್ಟ ಪ್ರಶ್ನಾವಳಿಯಲ್ಲಿ ಎರಡೇ ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ, ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲ ಅಂತ ಎಷ್ಟು ದಿನ ಅನಿಸಿತು? ಮನಸ್ಸು ಕುಗ್ಗಿದೆ, ಮುಂದೆ ಏನೂ ದಾರಿಯಿಲ್ಲ ಅಂತ ಎಷ್ಟು ದಿನ ಅನಿಸಿತು? ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು ಮೂರು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಒಂಬತ್ತು ಪ್ರಶ್ನೆಗಳ ದೊಡ್ಡ ಪಟ್ಟಿ, ಪಿಎಚ್‌ಕ್ಯೂ-9. ಅದರಲ್ಲಿ 27ಕ್ಕೆ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಾನಸಿಕ ತಜ್ಞರು ಕೂತು ಮಾತಾಡಿ ನೋಡಬೇಕು. ಅಂಕವೊಂದೇ ರೋಗನಿರ್ಣಯ ಆಗುವುದಿಲ್ಲ. ಸುಸ್ತು, ನಿದ್ದೆಗೇಡು, ಊಟ ಸೇರದಿರುವುದು ಇವೆಲ್ಲ ಹೃದಯದ ಕಾಯಿಲೆಯಿಂದಲೂ ಬರುತ್ತವಲ್ಲ, ಬೇರ್ಪಡಿಸಿ ನೋಡುವ ಕಣ್ಣು ಬೇಕು.

ಕೇಳುವ ರೀತಿ ಮಾತ್ರ ತುಂಬಾ ಮುಖ್ಯ. ಪಾಲಿಕೆ ಆಸ್ಪತ್ರೆಯ ಓಪಿಡಿಯಲ್ಲಿ ಡಾಕ್ಟರು ಹಿಂದಿಯಲ್ಲೋ ಮರಾಠಿಯಲ್ಲೋ ಕೇಳುತ್ತಾರೆ. ಜೊತೆಗೆ ಬಂದ ಮಗ ಅಪ್ಪನ ಕಡೆ ತಿರುಗಿ, “ಅಪ್ಪಾ, ಬೇಜಾರೇನೂ ಇಲ್ಲ ಅಲ್ವಾ?” ಅನ್ನುತ್ತಾನೆ. ಅಪ್ಪ ಇನ್ನೇನು ಹೇಳಿಯಾರು? “ಏನಿಲ್ಲ ಮಾರಾಯ.” ಫೈಲಿನಲ್ಲಿ ತೊಂದರೆ ಇಲ್ಲ ಎಂದು ಬರೆದಾಯಿತು. ಈ ಎರಡು ಪ್ರಶ್ನೆ ಕೇಳುವಾಗ ಮನೆಯವರು ಐದು ನಿಮಿಷ ಹೊರಗೆ ಕೂರಬೇಕು. ರೋಗಿಗೆ ಆರಾಮಾದ ಭಾಷೆ ಬಲ್ಲ ನರ್ಸೋ ಸಮಾಜ ಕಾರ್ಯಕರ್ತರೋ ಸಿಕ್ಕರೆ ಅವರೇ ಕೇಳಬೇಕು.

ಇನ್ನು ಮರೆವಿನ ವಿಷಯ. ಮಿದುಳಿನ ತೂಕ ದೇಹದ ತೂಕದಲ್ಲಿ ಶೇಕಡಾ 2ರಷ್ಟು. ಅದು ಬಳಸುವ ಆಮ್ಲಜನಕ ಮಾತ್ರ ಶೇಕಡಾ 20ರಷ್ಟು. ಹೃದಯ ರಕ್ತವನ್ನು ಸರಿಯಾಗಿ ತಳ್ಳದಿದ್ದರೆ ಮಿದುಳಿಗೆ ಅದರ ಬಿಸಿ ತಟ್ಟುತ್ತದೆ. ವರ್ಷಗಟ್ಟಲೆ ಏರಿದ ಬಿಪಿ ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ ಸಣ್ಣ ಹೆಪ್ಪುಗಳು ಮೇಲೆ ಹೋಗಿ ಕೂರಬಹುದು. ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ದುರ್ಬಲವಾಗಿ ರಕ್ತವನ್ನು ಸರಿಯಾಗಿ ತಳ್ಳಲಾಗದ ಸ್ಥಿತಿ, ಇರುವವರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಮಟ್ಟದ ಗ್ರಹಿಕೆಯ ತೊಂದರೆ ಇರುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಹೆಸರು ಮರೆಯುವುದಷ್ಟೇ ಆಗಿರಬೇಕೆಂದಿಲ್ಲ. ಗಮನ ನಿಲ್ಲುವುದಿಲ್ಲ, ಒಂದಾದ ಮೇಲೊಂದು ಮಾಡುವ ಕೆಲಸದ ಕ್ರಮ ತಪ್ಪುತ್ತದೆ.

ನಮ್ಮ ದೊಡ್ಡಪ್ಪ ಮಾಟುಂಗಾದಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂತವರು. ನಾಲ್ಕು ಟೇಬಲ್ಲಿನ ಬಿಲ್ಲು ಬಾಯಲ್ಲೇ ಕೂಡಿಸಿ ಹೇಳುತ್ತಿದ್ದರು. ಹೃದಯ ದುರ್ಬಲವಾದ ಮೇಲೆ ಅವರ ಮಾತ್ರೆಯ ಸ್ಟ್ರಿಪ್ಪು ದೊಡ್ಡಮ್ಮನ ಕಣ್ಣಿಗೆ ಬಿತ್ತು. ಮೈಯಲ್ಲಿ ಸೇರಿದ ನೀರನ್ನು ಮೂತ್ರದಲ್ಲಿ ಹೊರಹಾಕುವ ‘ನೀರಿನ ಮಾತ್ರೆ’ ಹಾಗೇ ಉಳಿದಿತ್ತು, ರಕ್ತ ತೆಳುವಾಗಿಸುವ ಮಾತ್ರೆ ಲೆಕ್ಕಕ್ಕಿಂತ ಹೆಚ್ಚು ಖಾಲಿಯಾಗಿತ್ತು. ವಯಸ್ಸಾಯ್ತಲ್ಲ ಎಂದರು ಎಲ್ಲರೂ. ಡಾಕ್ಟರು ಮಾತ್ರ ಒಂದು ಹಾಳೆಯಲ್ಲಿ ಗುಂಡಗೆ ಗೆರೆ ಎಳೆದು, ಇದರಲ್ಲಿ ಗಡಿಯಾರದ ಅಂಕಿ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದರು. ದೊಡ್ಡಪ್ಪ 12 ಸರಿಯಾಗಿ ಬರೆದರು. ಉಳಿದ ಅಂಕಿಗಳೆಲ್ಲ ಬಲಗಡೆಯೇ ಒತ್ತಿಕೊಂಡು ಬಂದವು. ಒಂದು ಮುಳ್ಳು ಹನ್ನೊಂದಕ್ಕೆ, ಇನ್ನೊಂದು ಹತ್ತಕ್ಕೆ. ಹಾಳೆಯನ್ನೇ ನೋಡುತ್ತಾ, “ಸರಿ ಉಂಟಾ?” ಎಂದು ಕೇಳಿದರು. ದೊಡ್ಡಮ್ಮ ಹೇಳಲು ಬಾಯಿ ತೆರೆದರು, ಡಾಕ್ಟರು ಕೈಸನ್ನೆ ಮಾಡಿ ತಡೆದರು.

ಮಿನಿ-ಕಾಗ್ ಎಂಬ ಪರೀಕ್ಷೆಯಲ್ಲಿ ಹೀಗೆ ಗಡಿಯಾರ ಬರೆಸುತ್ತಾರೆ, ಜೊತೆಗೆ ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳುತ್ತಾರೆ. ಮೂರು ನಿಮಿಷ ಸಾಕು. ಇನ್ನೂ ವಿವರವಾಗಿ ನೋಡಲು 30 ಅಂಕಗಳ ಮೊಕಾ ಪರೀಕ್ಷೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛ ಕನ್ನಡದಲ್ಲೂ ಇದೆ. ಊರಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಮುಂಬಯಿಗೆ ಬಂದು ರಾತ್ರಿ ಶಾಲೆಯಲ್ಲಿ ಓದಿದವರಿಗೂ, ಡಿಗ್ರಿ ಮಾಡಿದವರಿಗೂ ಒಂದೇ ಗೆರೆ ಎಳೆದು ಅಂಕ ಓದಬಾರದು. ವ್ಯಾಪಾರಕ್ಕೆ ಸಾಕಾಗುವಷ್ಟು ಹಿಂದಿ ಬರುವವರಿಗೆ ಹಿಂದಿಯಲ್ಲಿ ಪದ ನೆನಪಿಡಲು ಹೇಳಿ, ಅಂಕ ಕಡಿಮೆ ಬಂತು ಅಂದರೆ ಅದು ಅನ್ಯಾಯ.

ಅಂಕ ಕಡಿಮೆ ಬಂದ ಕೂಡಲೇ ಎಲ್ಲ ಮುಗಿಯಿತು ಎಂದು ಹೆದರಬೇಕಿಲ್ಲ. ನೀರಿನ ಮಾತ್ರೆಯಿಂದ ಸೋಡಿಯಂ ಇಳಿದರೂ ಗೊಂದಲ ಬರುತ್ತದೆ. ಬಿ12 ಕೊರತೆ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ, ಇವೆಲ್ಲ ಮರೆವಿನ ವೇಷದಲ್ಲಿ ಬರಬಹುದು, ಇವಕ್ಕೆಲ್ಲ ಚಿಕಿತ್ಸೆ ಇದೆ. ಬೈಪಾಸ್ ಆದ ಮೊದಲ ದಿನಗಳ ಗೊಂದಲ ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ, ಆಗಲೇ ಮರೆವಿನ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ದೊಡ್ಡಪ್ಪನ ವಿಷಯದಲ್ಲಿ ಡಾಕ್ಟರು ಮಾತ್ರೆಗಳ ಹೊತ್ತು ಕಡಿಮೆ ಮಾಡಿದರು. ವಾರದ ಡಬ್ಬಿ ತುಂಬಿಸುವ ಕೆಲಸ ದೊಡ್ಡಮ್ಮನದಾಯಿತು.

ಎಲ್ಲರನ್ನೂ ಹೀಗೆ ಪರೀಕ್ಷಿಸಿ ಲಾಭ ಉಂಟಾ ಎಂದು ಕೇಳುವ ತಜ್ಞರೂ ಇದ್ದಾರೆ, ಅವರ ಮಾತಿಗೆ ಆಧಾರವೂ ಇದೆ. ಅಮೆರಿಕದಲ್ಲಿ 1500 ಹೃದ್ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಖಿನ್ನತೆಯ ಪ್ರಶ್ನೆ ಕೇಳಿದ ಗುಂಪಿಗೂ ಕೇಳದ ಗುಂಪಿಗೂ ಒಂದೂವರೆ ವರ್ಷದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಖಿನ್ನತೆ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ ಎಂಬುದೂ ನೆನಪಿರಲಿ. ಇನ್ನೊಂದು ಕಡೆ, ಕೊರಿಯಾದಲ್ಲಿ ಖಿನ್ನತೆಯಿದ್ದ 300 ಹೃದ್ರೋಗಿಗಳನ್ನು ಸುಮಾರು ಎಂಟು ವರ್ಷ ಗಮನಿಸಿದಾಗ, ಆರಂಭದಲ್ಲಿ 24 ವಾರ ಎಸಿಟಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಪಡೆದ ಗುಂಪಿನಲ್ಲಿ ದೊಡ್ಡ ಹೃದಯ ತೊಂದರೆಗಳು ಶೇಕಡಾ 41ರಷ್ಟು, ಪಡೆಯದವರಲ್ಲಿ ಶೇಕಡಾ 54ರಷ್ಟು ಇದ್ದವು. ಪ್ರಶ್ನೆ ಕೇಳಿ ಸುಮ್ಮನಾದರೆ ಏನೂ ಆಗದು, ಮುಂದಿನ ದಾರಿ ಗಟ್ಟಿಯಿರಬೇಕು ಎಂಬುದು ನನ್ನ ಅಭಿಪ್ರಾಯ. ಒಂದು ವೇಳೆ ಆಯುಸ್ಸು ಒಂದು ದಿನವೂ ಹೆಚ್ಚದಿದ್ದರೂ, ಮನಸ್ಸಿನ ನೋವು ಇಳಿಯುವುದೇ ದೊಡ್ಡದಲ್ವಾ?

ಔಷಧಿಯ ಭಯ ಹಲವರಿಗೆ. ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆ ಹೃದಯಾಘಾತವಾದವರಿಗೂ ಸುರಕ್ಷಿತ ಎಂದು 2002ರ ಒಂದು ಪ್ರಯೋಗ ತೋರಿಸಿತು. ಹಳೆಯ ಟ್ರೈಸೈಕ್ಲಿಕ್ ಮಾತ್ರೆಗಳನ್ನು ಹೃದ್ರೋಗಿಗಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೆಲವು ಖಿನ್ನತೆಯ ಮಾತ್ರೆಗಳು ರಕ್ತಸ್ರಾವದ ಸಾಧ್ಯತೆ ಹೆಚ್ಚಿಸುತ್ತವೆ. ಹಾಗಾಗಿ ಮನೋವೈದ್ಯರ ಹತ್ತಿರ ಹೋಗುವಾಗ ಹೃದಯದ ಚೀಟಿ ಜೊತೆಗೇ ಇರಲಿ. ಡಾಕ್ಟರು ಒಪ್ಪಿದ ಮೇಲೆ ಫೈವ್ ಗಾರ್ಡನ್ಸ್‌ನಲ್ಲೋ ಕಟ್ಟಡದ ಕಾಂಪೌಂಡಿನಲ್ಲೋ ದಿನಾ ನಡೆಯುವುದೂ ಚಿಕಿತ್ಸೆಯ ಭಾಗವೇ.

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಬದುಕೇ ಬೇಡ ಅನಿಸುವುದರ ಬಗ್ಗೆ. ಅದಕ್ಕೆ ಹೌದು ಎಂದವರನ್ನು ಒಂಟಿಯಾಗಿ ಬಿಡಬೇಡಿ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ.